ಓರೆ ಟೋಪಿ

ಕನ್ನಡದಲ್ಲಿ ಟೋಪಿಗೆ ಒಳ್ಳೆಯ ಹೆಸರಿಲ್ಲ. ಟೋಪಿ ಹಾಕಿದ ಎಂದರೆ ಮೋಸ ಮಾಡಿದ ಎಂದೇ ಅರ್ಥ. ಹೀಗಿರುವಾಗ ಟೋಪಿ ಹಾಕಿದವರನ್ನು ಹಿಡಿಯುವ ಕೆಲಸವನ್ನು ಸರ್ಕಾರ ದಿನವಿಡೀ ಟೋಪಿ ಹಾಕಿಕೊಂಡೇ ಇರಬೇಕಾದವರಿಗೆ ಒಪ್ಪಿಸಿದ್ದು ನನಗೆ ಮೊದಲಿನಿಂದಲೂ ತಮಾಷೆ.

ನಮ್ಮ ಶಿರಸಿ ಸೀಮೆಯಲ್ಲಿ ತಲೆಗೆ ಮರ್ಯಾದೆ ಹೆಚ್ಚು. ಮಳೆಗೆ ಕಂಬಳಿಕೊಪ್ಪೆ, ತೋಟಕ್ಕೆ ಹಾಳೆಟೋಪಿ, ಮದುವೆಯ ಮಾಣಿಗೆ ಪೇಟ, ಯಕ್ಷಗಾನ ಆಟದ ರಾಜನಿಗೆ ಕಿರೀಟ, ಪುಂಡುವೇಷಕ್ಕೆ ಕೇದಗೆ ಮುಂದಲೆ. ಬಂದವರು ಯಾರೆಂದು ಮುಖ ನೋಡುವ ಮೊದಲೇ ಹೇಳಬಹುದು. ಈ ಸಾಲಿನಲ್ಲಿ ಎಲ್ಲಿಂದಲೋ ಬಂದು ಸೇರಿಕೊಂಡದ್ದು ಪೊಲೀಸ್ ಕಾನ್‌ಸ್ಟೆಬಲ್ಲರ ಸ್ಲೌಚ್ ಹ್ಯಾಟು, ಒಂದು ಬದಿಯ ಅಂಚನ್ನು ಮೇಲಕ್ಕೆ ಮಡಚಿದ ಓರೆ ಟೋಪಿ. ಬಂದೂಕನ್ನು ಹೆಗಲಿಗೆ ಏರಿಸುವಾಗ ಅಂಚು ತಾಗಬಾರದೆಂದು ಆ ಮಡಿಕೆಯಂತೆ. ನಮ್ಮೂರ ಪೊಲೀಸರ ಹೆಗಲಲ್ಲಿ ನಾನು ಬಂದೂಕು ಕಂಡದ್ದು ಕಡಿಮೆ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳನ್ನು ಕಂಡದ್ದೇ ಹೆಚ್ಚು.

ಅಂಥ ಮಕ್ಕಳಲ್ಲಿ ನಾನೂ ಒಬ್ಬ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವುದು, ಒಂಬತ್ತು ದಿನ ಇರುವುದು. ಆರು ವರ್ಷದ ನಾನು ಬಿಡ್ಕಿಬೈಲಿನ ಗದ್ದಲದಲ್ಲಿ ಅಪ್ಪಯ್ಯನದೆಂದು ಯಾರದೋ ಪಂಚೆಯ ತುದಿ ಹಿಡಿದು ತೊಟ್ಟಿಲಿನ ತನಕ ಹೋಗಿಬಿಟ್ಟಿದ್ದೆ. ಪಂಚೆಯ ಒಡೆಯ ತಿರುಗಿ ನೋಡಿದಾಗಲೇ ಅಳು ಶುರುವಾದದ್ದು. ಆಮೇಲೆ ಒಬ್ಬ ಪೊಲೀಸರು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡರು. “ಉಣ್ಣದಿದ್ರೆ ಪೊಲೀಸ ಹಿಡ್ಕಂಡು ಹೋಗ್ತ ನೋಡು” ಎಂದು ಆಯಿ ದಿನಾ ಹೇಳುತ್ತಿದ್ದಳಲ್ಲ, ಅದು ನಿಜವಾಯಿತೆಂದು ಇನ್ನೂ ಜೋರಾಗಿ ಅತ್ತೆ. ಅವರು ಬೇರೆ ದಾರಿ ಕಾಣದೆ ತಮ್ಮ ಟೋಪಿ ತೆಗೆದು ನನ್ನ ತಲೆಗಿಟ್ಟರು. ಅದು ಮೂಗಿನವರೆಗೆ ಇಳಿದು ಜಾತ್ರೆಯೇ ಕತ್ತಲಾಯಿತು. ಒಳಗೆ ಬೆವರಿನ, ಕೊಬ್ಬರಿ ಎಣ್ಣೆಯ ವಾಸನೆ. ಚೌಕಿಯ ಬೆಂಚಿನ ಮೇಲೆ ಬೆಂಡು ಬತ್ತಾಸು ತಿನ್ನುತ್ತ ಕುಳಿತಿದ್ದಾಗ ಮೈಕಿನಲ್ಲಿ ಅಪ್ಪಯ್ಯನ ಹೆಸರು ತಪ್ಪುತಪ್ಪಾಗಿ ಕೇಳಿಬಂತು. ಅಪ್ಪಯ್ಯ ಓಡಿಬಂದು ನನಗೆ ಬೈದದ್ದು ನೆನಪಿದೆ. ಅವರಿಗೆ “ಉಪಕಾರ ಆಯ್ತು” ಎಂದನೋ ಇಲ್ಲವೋ, ನೆನಪಿಲ್ಲ.

ನಮ್ಮ ಜಿಲ್ಲೆಗೆ ಬರುವ ಪೊಲೀಸರಲ್ಲಿ ಬಯಲುಸೀಮೆಯವರು ಬಹಳ. ಬಿಸಿಲಿನ ಊರಿಂದ ಬಂದವರನ್ನು ನಮ್ಮ ಆಷಾಢದ ಮಳೆಯಲ್ಲಿ ನಿಲ್ಲಿಸುವುದು ಸಣ್ಣ ಶಿಕ್ಷೆಯಲ್ಲ. ಒಂದು ರಾತ್ರಿ ಕುಮಟಾದಿಂದ ಬರುವಾಗ ದೇವಿಮನೆ ಘಟ್ಟದ ತಿರುವಿನಲ್ಲಿ ಟಾರ್ಚ್ ಅಲ್ಲಾಡಿತು. ಮುಂದೆ ಮರ ಬಿದ್ದಿತ್ತು. ಅಡ್ಡ ನಿಂತವರು ಟೋಪಿಯ ಮೇಲೊಂದು ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಕೊಂಡಿದ್ದರು, ಯಾವುದೋ ಬಟ್ಟೆ ಅಂಗಡಿಯದು. ಅಂಗಡಿಯ ಹೆಸರು ಸರಿಯಾಗಿ ಹಣೆಯ ಮೇಲೆ ಬಂದಿತ್ತು. ನಾನು ನಕ್ಕದ್ದು ಅವರಿಗೆ ಕಂಡಿರಬೇಕು. “ನಿಮ್ಮೂರ ಮಳಿಗೆ ಟೊಪಿಗಿ ಒಣಗೂದ ಇಲ್ಲ ನೋಡ್ರಿ. ಮೈ ತೊಯ್ದರ ಒರಸ್ಕೋಬಹುದು, ಇದನ್ನ ಏನ್ ಮಾಡೂದು?” ಎಂದರು. ಮರ ಕಡಿದು ದಾರಿ ಬಿಡಿಸಲು ಎರಡು ತಾಸು ಹಿಡಿಯಿತು. ನಾವು ಕಾರಿನೊಳಗೆ ಗಾಜು ಏರಿಸಿಕೊಂಡು ಸಂಡಿಗೆ ತಿಂದೆವು. ಅವರು ನಿಂತೇ ಇದ್ದರು.

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಲಾರಿ ನೀರಿಗೆ ಬಿದ್ದಾಗ ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಬದುಕಿಸಿ ತಂದರು. ಅದು ಎಲ್ಲ ಪತ್ರಿಕೆಗಳಲ್ಲೂ ಬಂತು, ಬರಬೇಕಾದದ್ದೇ. ಆದರೆ ದೇವಿಮನೆಯ ತಿರುವಿನಲ್ಲಿ ಆ ರಾತ್ರಿ ಯಾರೂ ಮರಕ್ಕೆ ಹೋಗಿ ಗುದ್ದಲಿಲ್ಲ ಎಂಬುದನ್ನು ಯಾರು ಬರೆಯುತ್ತಾರೆ?

ಹೊಗಳಿಕೆ ಹೆಚ್ಚಾಯಿತೋ ಏನೋ. ಹೆಲ್ಮೆಟ್ ಇಲ್ಲದ್ದಕ್ಕೆ 500 ರೂಪಾಯಿ ದಂಡ ಕಟ್ಟಿದ ದಿನ ನನ್ನ ಬಾಯಲ್ಲಿ ಬಂದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಓಡಿದರೆ ಬಿದ್ದುಹೋಗುವ ಟೋಪಿ ಇಟ್ಟುಕೊಂಡವರು ನನ್ನ ತಲೆಯ ಚಿಂತೆ ಮಾಡುತ್ತಾರಲ್ಲ ಎಂದು ಸಿಟ್ಟು.

ನಮ್ಮ ಪಕ್ಕದ ಮನೆಯ ನಿವೃತ್ತ ಮಾಸ್ತರರನ್ನು ಉಳಿಸಿದ್ದೂ ಒಂದು ಟೋಪಿಯೇ. ವಿಡಿಯೋ ಕರೆಯಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಪ್ರತ್ಯಕ್ಷನಾಗಿ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕೋಣೆ ಬಿಟ್ಟು ಏಳುವಂತಿಲ್ಲ ಎಂದನಂತೆ. ಮಾಸ್ತರರಿಗೆ ಎದೆ ಡವಡವ. ಅಡಿಕೆ ಮಾರಿದ ದುಡ್ಡು ಖಾತೆಯಲ್ಲಿತ್ತು. “ಆದ್ರೆ ಅವ್ನ ಟೋಪಿ ನೋಡಿದ್ನೋ, ಒಂದು ಸುಕ್ಕಿಲ್ಲೆ, ಬೆವರಿನ ಕಲೆ ಇಲ್ಲೆ. ಡ್ಯೂಟಿ ಮಾಡಿದ ತಲೆ ಅಲ್ಲ ಅದು” ಎಂದರು ನನಗೆ. ಫೋನು ಕಟ್ಟು ಮಾಡಿ ನೇರ ಠಾಣೆಗೆ ನಡೆದರು. ಸಂಜೆ ಬೀಟ್ ಪೊಲೀಸರು ಮನೆಗೇ ಬಂದು, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಜಗುಲಿಯಲ್ಲಿ ಕಷಾಯ ಕುಡಿದು, ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವುದೇ ಇಲ್ಲ ಎಂದು ಮೂರು ಸಲ ಹೇಳಿದರು. ಕ್ಯಾಲೆಂಡರಿನ ಪಕ್ಕ ಗೋಡೆಯ ಮೇಲೆ ತುರ್ತಿಗೆ 112, ಅದರ ಕೆಳಗೆ ಸೈಬರ್ ಮೋಸಕ್ಕೆ 1930 ಎಂದು ಅವರೇ ಸೀಮೆಸುಣ್ಣದಲ್ಲಿ ಬರೆದರು. ಮಾಸ್ತರರು ಅಕ್ಷರ ದುಂಡಗಿಲ್ಲವೆಂದು ಅಳಿಸಿ ತಾವೇ ತಿದ್ದಿ ಬರೆದರು.

2025ರ ಅಕ್ಟೋಬರಿನಲ್ಲಿ ಓರೆ ಟೋಪಿ ಹೋಗಿ ಕಡುನೀಲಿ ಪೀಕ್ ಕ್ಯಾಪ್ ಬಂತು. ಕಾನ್‌ಸ್ಟೆಬಲ್ಲರು ಎಷ್ಟೋ ಕಾಲದಿಂದ ಕೇಳುತ್ತಿದ್ದದ್ದು, ಸಿಕ್ಕಿದ್ದು ಸರಿಯೇ. ಮೊದಲ ವಾರ ಐದು ರಸ್ತೆ ಸರ್ಕಲ್ಲಿನಲ್ಲಿ ನಿಂತವರು ನನಗೆ ಗುರುತೇ ಸಿಗಲಿಲ್ಲ. ಹತ್ತಿರ ಹೋಗಿ ಮುಖ ನೋಡಿದೆ. ದೇವಿಮನೆಯ ಕೊಟ್ಟೆಯವರು! ಕೆನ್ನೆಯ ಮೇಲೆ ಒಂದು ಮಚ್ಚೆ ಇರುವುದು ಅಂದೇ ಕಂಡದ್ದು.

“ಹೊಸ ಟೋಪಿ ಹೇಗಿದೆ ಸರ್?”

“ಓಡಿದ್ರ ಬೀಳೂದಿಲ್ರಿ” ಎಂದರು. ಆಮೇಲೆ ದನಿ ತಗ್ಗಿಸಿ, “ಈಗ ಓಡಾಕ ಮೊಣಕಾಲ ಕೇಳೂದಿಲ್ಲ” ಎಂದರು. ಹಾಗೆನ್ನುತ್ತಲೇ ಅವರ ಕಣ್ಣು ನನ್ನ ಬೈಕಿನ ಕನ್ನಡಿಗೆ ತೂಗುಹಾಕಿದ್ದ ಹೆಲ್ಮೆಟ್ಟಿನ ಮೇಲೆ ಹೋಯಿತು.

ನಾನು ಮಾತಾಡದೆ ಅದನ್ನು ತೆಗೆದು ತಲೆಗೆ ಹಾಕಿಕೊಂಡೆ.