ಸತ್ಯಾಂಶ: ಮತದಾನದ ಹಕ್ಕು ಕೇಳದೇ ಸಿಕ್ಕಿತೇ?

ಕಾಸರಗೋಡಿನ ಕುಟುಂಬ ಗ್ರೂಪುಗಳಲ್ಲಿ ಒಂದು ಫಾರ್ವರ್ಡ್ ಮತ್ತೆ ಸುತ್ತುತ್ತಿದೆ. 'ನಮ್ಮ ಹೆಂಗಸರು ಹೋರಾಡಲೇ ಇಲ್ಲ, 1950ರಲ್ಲಿ ಸಂವಿಧಾನ ಸುಮ್ನೆ ಓಟು ಕೊಟ್ಟಿತು' ಅಂತ. ಅರ್ಧ ಸತ್ಯ. ಎಲ್ಲ ವಯಸ್ಕರಿಗೂ ಮತ ಸಿಕ್ಕಿದ್ದು ಸಂವಿಧಾನದಿಂದಲೇ, ನಿಜ. ಆದರೆ ಕೇಳದೇ ಸಿಕ್ಕಿದ್ದಲ್ಲ.

1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ಮುಂದಾಳತ್ವದಲ್ಲಿ ಮಹಿಳೆಯರ ನಿಯೋಗವೊಂದು ಮದ್ರಾಸಿನಲ್ಲಿ ಭಾರತದ ಆಡಳಿತದ ಹೊಣೆ ಹೊತ್ತಿದ್ದ ಬ್ರಿಟಿಷ್ ಮಂತ್ರಿ ಮಾಂಟೆಗು ಅವರನ್ನು ಕಂಡು ಮತದ ಹಕ್ಕು ಕೇಳಿತು. ಬ್ರಿಟಿಷರು ತೀರ್ಮಾನವನ್ನು ಪ್ರಾಂತಗಳಿಗೆ ದಾಟಿಸಿ ಕೈತೊಳೆದುಕೊಂಡರು. 1921ರಲ್ಲಿ ಮೊದಲು ಒಪ್ಪಿದ್ದು ಮದ್ರಾಸ್ ಪ್ರಾಂತವೇ. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಮದ್ರಾಸಿಗೇ ಸೇರಿದ್ದು. ಅಂದರೆ ಈ ಹಕ್ಕು ನಮ್ಮೂರಿಗೂ ಬಂತು, ಅಲ್ವಾ?

ಬಂತು, ಆದರೆ ಆಸ್ತಿ ಅಥವಾ ತೆರಿಗೆಯ ಷರತ್ತಿನೊಂದಿಗೆ. ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುತ್ತಿದ್ದರೂ ವಹಿವಾಟು ಹೆಚ್ಚಾಗಿ ಯಜಮಾನನ ಕೈಯಲ್ಲಿತ್ತು. ಗೇಣಿ ಗದ್ದೆಯಲ್ಲಿ ನೇಜಿ ನೆಡುವವಳ ಮಾತಂತೂ ದೂರ.

1926ರಲ್ಲಿ ಮಂಗಳೂರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಅಂತರದಲ್ಲಿ ಸೋತರು. ಫಾರ್ವರ್ಡು ಬರೆದವರಿಗೆ ಪಕ್ಕದೂರಿನ ಈ ಹೆಸರೂ ನೆನಪಾಗಿಲ್ಲ!

ಇನ್ನು 1951–52ರ ಮೊದಲ ಮಹಾಚುನಾವಣೆ. ಮತದಾರರ ಪಟ್ಟಿಯಲ್ಲಿ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳದೆ 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದಷ್ಟೇ ಬರೆಸಿದ್ದರು. ಸ್ವಂತ ಹೆಸರು ಬೇಕೇ ಬೇಕು ಎಂದು ಚುನಾವಣಾ ಆಯೋಗ ಪಟ್ಟುಹಿಡಿಯಿತು. ಹೀಗೆ ಸ್ವಂತ ಹೆಸರು ಕೊಡದ ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು, ಜಾಸ್ತಿ ಜನ ಉತ್ತರದ ರಾಜ್ಯಗಳವರು.