‘ರಿಯಾಕ್ಟಿವ್’ ಅಂದರೆ ಕಾಯಿಲೆ ಖಚಿತವೇ?

‘ರಕ್ತ ಕೊಟ್ಟ ಮೇಲೆ ಬ್ಲಡ್ ಬ್ಯಾಂಕಿನಿಂದ ಫೋನ್ ಬಂದ್ರೆ ಎಚ್‌ಐವಿ ಗ್ಯಾರಂಟಿ, ಬರದಿದ್ರೆ ನೀವು ಸೇಫ್.’ ಮಡಿಕೇರಿಯಿಂದ ಕುಟ್ಟದವರೆಗೆ ಓಡಾಡುವ ಇಂಥ ಫಾರ್ವರ್ಡ್‌ನಲ್ಲಿ ಎರಡು ಮಾತೂ ತಪ್ಪು.

ದಾನಿಗಳ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ 5 ಸೋಂಕುಗಳಿಗೆ ಪರೀಕ್ಷಿಸುವುದು ಕಡ್ಡಾಯ. ಸಣ್ಣ ಅನುಮಾನ ಬಂದರೂ ಆ ರಕ್ತವನ್ನು ಯಾರಿಗೂ ಕೊಡುವುದಿಲ್ಲ. ಕಾಫಿ ಬೀಜ ಜರಡಿ ಹಿಡಿದಾಗ ಒಂದೆರಡು ಒಳ್ಳೆ ಬೀಜವೂ ಆಚೆ ಹೋಗುತ್ತದಲ್ವಾ, ಹಾಗೆ. ಹೀಗೆ ಟೆಸ್ಟ್‌ನಲ್ಲಿ ಅನುಮಾನ ಬಂದರೆ ‘ರಿಯಾಕ್ಟಿವ್’ ಅನ್ನುತ್ತಾರೆ, ಫೋನ್ ಬರುವುದು ಆಗ. ಅಂದರೆ ಇನ್ನೊಮ್ಮೆ ನೋಡಬೇಕು ಅಂತ, ಅಷ್ಟೇ. ಪ್ರತಿಕಾಯ (ಸೋಂಕಿನ ವಿರುದ್ಧ ಹೋರಾಡಲು ದೇಹ ತಯಾರಿಸುವ ವಸ್ತು) ಹುಡುಕುವ ಟೆಸ್ಟ್ ಕೆಲವೊಮ್ಮೆ ಬೇರೆ ಯಾವುದೋ ಪ್ರತಿಕಾಯ ಕಂಡು ಮೋಸ ಹೋಗುತ್ತದೆ. ಸಿಫಿಲಿಸ್, ಹೆಪಟೈಟಿಸ್ ಸಿ ಪೂರ್ತಿ ವಾಸಿಯಾದವರಲ್ಲೂ ಪ್ರತಿಕಾಯ ವರ್ಷಗಟ್ಟಲೆ ಉಳಿಯಬಹುದು.

ಎಚ್‌ಐವಿ ವಿಷಯದಲ್ಲಿ ಖಚಿತ ಮಾಡುವುದು ಸರ್ಕಾರಿ ಆಸ್ಪತ್ರೆಯ ಐಸಿಟಿಸಿ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷೆಯ ಕೇಂದ್ರ. ಅಲ್ಲಿ 3 ಬೇರೆ ಬೇರೆ ಟೆಸ್ಟ್ ಮಾಡಿದ ಮೇಲೇ ಪಾಸಿಟಿವ್ ಅನ್ನುತ್ತಾರೆ. ದುಡ್ಡು ಕೊಡಬೇಕಿಲ್ಲ, ಹೆಸರು ಗುಟ್ಟಾಗಿರುತ್ತದೆ.

ಇನ್ನು ಫೋನ್ ಬರಲಿಲ್ಲ ಅಂತ ನಿಶ್ಚಿಂತೆ ಬೇಡ. ಸೋಂಕು ತಗುಲಿದ ಮೊದಲ ಕೆಲವು ವಾರ ಪ್ರತಿಕಾಯವೇ ಸಿಗದಿರಬಹುದು. ಆಗ ಸೋಂಕಿನ ರಕ್ತವೂ ಟೆಸ್ಟ್ ದಾಟಿ ಬೇರೆಯವರಿಗೆ ಹೋಗಬಹುದು. ನನಗೆ ಜಾಸ್ತಿ ಭಯ ಇದರದ್ದೇ. ಅನುಮಾನ ಇದ್ದವರು ಫ್ರೀ ಚೆಕಪ್ ಅಂದುಕೊಂಡು ರಕ್ತದಾನದ ಕ್ಯಾಂಪಿಗೆ ಹೋಗಬೇಡಿ. ಸೀದಾ ಐಸಿಟಿಸಿಗೆ ಹೋಗಿ.