ಸಿಟ್ಟಿನ ಮೀನಿಗೆ ಬೆಳ್ಳುಳ್ಳಿ ಎರೆಹುಳ

ಟೆಕ್ಸಸ್‌ನಲ್ಲಿ ಗಾಳದ ಸಾಮಾನಿನ ಅಂಗಡಿ ಹೊಕ್ಕರೆ ಒಂದಿಡೀ ಗೋಡೆ ರಬ್ಬರ್ ಎರೆಹುಳಗಳಿಗೇ ಮೀಸಲು. ಸೀರೆ ಅಂಗಡಿಯಲ್ಲೂ ಅಷ್ಟು ಬಣ್ಣ ಸಿಗುವುದು ಅನುಮಾನ. ಕುಂಬಳಬೀಜದ ಬಣ್ಣ, ಕಲ್ಲಂಗಡಿ ಬಣ್ಣ, ಕಲ್ಲಂಗಡಿ ಮೇಲೆ ಕೆಂಪು ಚುಕ್ಕೆ, ಜೀರುಂಡೆಯ ಬೆನ್ನಿನ ಹಾಗೆ ಮಿರುಗುವ ನೇರಳೆ. ಕೆಲವಕ್ಕೆ ಉಪ್ಪು ಬೆರೆಸಿರುತ್ತಾರೆ, ಕೆಲವಕ್ಕೆ ಬೆಳ್ಳುಳ್ಳಿ ವಾಸನೆ ಹಾಕಿರುತ್ತಾರೆ. ಬೇಸಿಗೆಯಲ್ಲಿ ಆ ಪೊಟ್ಟಣ ಒಡೆದು ಕಾರಿನಲ್ಲಿಟ್ಟರೆ ವಾರವಿಡೀ ಒಗ್ಗರಣೆ ಘಮ. ಸಾಸಿವೆ ಸಿಡಿಯುವುದೊಂದೇ ಬಾಕಿ.

ಇಷ್ಟೆಲ್ಲ ಉಪಚಾರ ಬಾಸ್ ಎಂಬ ಮೀನಿಗೆ. ಹಸಿರು ಬೆನ್ನು, ಪಕ್ಕೆಯ ಉದ್ದಕ್ಕೂ ಕಪ್ಪು ಪಟ್ಟೆ, ಮೈಗೆ ಮೀರಿದ ಬಾಯಿ. ಬಾಯಿ ಮುಚ್ಚಿದಾಗ ಮೇಲ್ದವಡೆ ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗಿದ್ದರೆ ಅದು ಲಾರ್ಜ್‌ಮೌತ್, ಕಣ್ಣಿನ ಕೆಳಗೇ ನಿಂತರೆ ಸ್ಮಾಲ್‌ಮೌತ್. ಹೊಸಬರು ಬಾಸಿಗೆ ಹಸಿವಾಗಿದೆ ಎಂದು ನಂಬಿ ಗಾಳ ಹಾಕುತ್ತಾರೆ. ಹಸಿದ ಮೀನನ್ನು ಯಾರು ಬೇಕಾದರೂ ಹಿಡಿದಾರು. ಹೊಟ್ಟೆ ತುಂಬಿ ಮರದ ಬೊಡ್ಡೆಯ ನೆರಳಲ್ಲಿ ಸುಮ್ಮನೆ ನಿಂತ ಬಾಸನ್ನು ಹಿಡಿಯಬೇಕಾದರೆ ಅದಕ್ಕೆ ಸಿಟ್ಟು ಬರಿಸಬೇಕು. ವಸಂತದಲ್ಲಿ ನೀರು ಹದಿನೈದು ಡಿಗ್ರಿ ಸೆಲ್ಸಿಯಸ್ ದಾಟುವ ಹೊತ್ತಿಗೆ ಗಂಡುಮೀನು ದಂಡೆಯ ಹತ್ತಿರ ಬಾಲದಿಂದ ನೆಲ ಗುಡಿಸಿ ಗುಂಡಗಿನ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಕಾವಲು, ಮರಿ ನೋಡಿಕೊಳ್ಳುವುದು ಎಲ್ಲ ಗಂಡಿನದೇ. ಆ ದಿನಗಳಲ್ಲಿ ಅದು ಉಣ್ಣುವುದೇ ಅಪರೂಪ. ಆದರೂ ಗೂಡಿಗೆ ಬಿದ್ದ ರಬ್ಬರ್ ಹುಳವನ್ನು ಬಾಯಲ್ಲಿ ಕಚ್ಚಿ ಆಚೆ ಎಸೆಯಲು ಬರುತ್ತದೆ, ಸಿಕ್ಕಿಬೀಳುತ್ತದೆ. ಮನೆ ಕಾಯುವ ಅಪ್ಪನನ್ನು ಹೀಗೆ ಹಿಡಿಯುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಅದು ಅತ್ತ ಹೋದ ಹೊತ್ತಿಗೆ ಸಣ್ಣ ಮೀನುಗಳು ಮೊಟ್ಟೆಗೆ ಮುಗಿಬೀಳುತ್ತವೆ.

ಉಳಿದ ತಿಂಗಳುಗಳಲ್ಲಿ ಕೆಣಕುವುದು ತಪ್ಪಲ್ಲ. ಕ್ರ್ಯಾಂಕ್‌ಬೇಟ್ ಎಂಬ, ಮೂತಿಗೆ ಪ್ಲಾಸ್ಟಿಕ್ ನಾಲಿಗೆ ಅಂಟಿಸಿದ ಸುಳ್ಳು ಮೀನು ಇದೆ. ಎಳೆದರೆ ಮೈ ಕುಲುಕಿಸುತ್ತ ತಳಕ್ಕಿಳಿಯುತ್ತದೆ. ನೀಟಾಗಿ ಬಯಲು ನೀರಿನಲ್ಲಿ ಎಳೆದರೆ ಬಾಸ್ ತಿರುಗಿಯೂ ನೋಡುವುದಿಲ್ಲ. ಬೇಕೆಂದೇ ಬೊಡ್ಡೆಗೆ ಡಿಕ್ಕಿ ಹೊಡೆಸಬೇಕು. ಅದು ಬಡಿದು ಪಕ್ಕಕ್ಕೆ ಹಾರಿದ ಕ್ಷಣದಲ್ಲೇ ಏಟು ಬೀಳುವುದು. ತಾವರೆ ಎಲೆಗಳ ಮೇಲಾದರೆ ಟೊಳ್ಳು ರಬ್ಬರ್ ಕಪ್ಪೆ. ಎಲೆಯಿಂದ ಎಲೆಗೆ ಕುಪ್ಪಳಿಸುತ್ತ ತಂದು, ಎಲೆಗಳ ನಡುವಿನ ಕಿಂಡಿಯಲ್ಲಿ ಒಂದು ಗಳಿಗೆ ನಿಲ್ಲಿಸಿ. ನೀರು ಬಾಂಬು ಬಿದ್ದಂತೆ ಸಿಡಿಯುತ್ತದೆ. ಆಗ ಕೈ ತಾನೇ ತಾನಾಗಿ ಕಡ್ಡಿ ಎಳೆಯುತ್ತದೆ, ಕಪ್ಪೆ ನಿಮ್ಮ ಮುಖಕ್ಕೇ ಹಾರಿ ಬರುತ್ತದೆ. ಸದ್ದಿಗೆ ಎಳೆಯಬಾರದು. ದಾರದಲ್ಲಿ ಭಾರ ತಿಳಿದ ಮೇಲೆ ಎಳೆಯಬೇಕು. ಹೇಳುವುದು ಸುಲಭ.

ಆದರೂ ಒಂದನ್ನೇ ಒಯ್ಯಬೇಕೆಂದರೆ ನಾನು ಒಯ್ಯುವುದು ರಬ್ಬರ್ ಹುಳವನ್ನೇ. ಓಹಾಯೋದ ಏಕ್ರನ್ ಊರಿನ ನಿಕ್ ಕ್ರೀಮ್ 1949ರ ಹೊತ್ತಿಗೆ ಹೆಂಡತಿಯ ಜೊತೆ ಅಡುಗೆಮನೆ ಒಲೆಯ ಮೇಲೆ ವಿನೈಲ್ ಕಾಯಿಸಿ ಅಚ್ಚಿಗೆ ಹೊಯ್ದು ಇದನ್ನು ಮಾರಾಟಕ್ಕೆ ತಂದ. ಆಮೇಲೆ ಕಂಪನಿ ಟೆಕ್ಸಸ್‌ಗೇ ಬಂತು. ಇದನ್ನು ಕಟ್ಟುವ ರೀತಿಗೆ ಟೆಕ್ಸಸ್ ರಿಗ್ ಎನ್ನುತ್ತಾರೆ. ಮೊದಲು ಬಂದೂಕಿನ ಗುಂಡಿನಾಕಾರದ ಸಣ್ಣ ತೂಕವನ್ನು ದಾರಕ್ಕೆ ಪೋಣಿಸಿ, ಅದರ ಕೆಳಗೆ ಕೊಕ್ಕೆ ಕಟ್ಟಿ. ಕೊಕ್ಕೆಯ ಮೊನೆಯನ್ನು ಹುಳದ ತಲೆಗೆ ನೇರ ಚುಚ್ಚಿ, ಕಾಲಿಂಚು ಒಳಗೆ ಹೋದ ಮೇಲೆ ಪಕ್ಕಕ್ಕೆ ಹೊರತೆಗೆಯಿರಿ. ಹುಳವನ್ನು ಕೊಕ್ಕೆಯ ಕಣ್ಣಿನವರೆಗೂ ಮೇಲೆ ಸರಿಸಿ, ಅರ್ಧ ಸುತ್ತು ತಿರುಗಿಸಿ. ಈಗ ಹುಳವನ್ನು ಜೋಲುಬಿಟ್ಟು, ಕೊಕ್ಕೆಯ ಬಾಗು ಎಲ್ಲಿಗೆ ಬರುತ್ತದೆ ನೋಡಿ ಅಲ್ಲಿ ಉಗುರಿನಿಂದ ಗುರುತು ಮಾಡಿ, ಮೊನೆಯನ್ನು ಅಲ್ಲೇ ಒಳಗೆ ಹುದುಗಿಸಿ. ಹುಳ ನೆಟ್ಟಗಿರಬೇಕು. ಎಳ್ಳಷ್ಟು ಸೊಟ್ಟಗಾದರೂ ನೀರಿನಲ್ಲಿ ಗಿರಗಿರ ತಿರುಗಿ ದಾರವನ್ನೆಲ್ಲ ಹುರಿಮಾಡಿಬಿಡುತ್ತದೆ. ಮೊನೆ ಒಳಗೇ ಅಡಗಿರುವುದರಿಂದ ಜೊಂಡು, ಕೊಂಬೆ ಯಾವುದಕ್ಕೂ ಸಿಕ್ಕುವುದಿಲ್ಲ. ಎಸೆದು, ತಳ ಮುಟ್ಟಲು ಬಿಟ್ಟು, ನಿಧಾನ ಎಳೆಯಿರಿ. ನಿಧಾನ ಅಂದರೆ ನಿಮಗೆ ಬೇಜಾರಾಗುವಷ್ಟು ನಿಧಾನ. ಬಾಸ್ ಕಚ್ಚಿದ್ದು ಬೆರಳಿಗೆ ಟುಕ್ ಟುಕ್ ಎಂದು ಎರಡು ತಟ್ಟಿದ ಹಾಗೆ ತಿಳಿಯುತ್ತದೆ. ಎಷ್ಟೋ ಸಲ ಅದೂ ಇಲ್ಲ, ದಾರ ಮಾತ್ರ ಸದ್ದಿಲ್ಲದೆ ಪಕ್ಕಕ್ಕೆ ಹರಿಯುತ್ತದೆ.

ಗಂಟು ಬಿಗಿಯುವ ಮುಂಚೆ ಉಗುಳು ಹಚ್ಚಿ. ನಗಬೇಡಿ. ಒಣದಾರ ಉಜ್ಜಿ ಬಿಸಿಯಾದರೆ ಅಲ್ಲೇ ಸೋಲುತ್ತದೆ; ಫ್ಲೋರೋಕಾರ್ಬನ್ ದಾರವಂತೂ ಇನ್ನೂ ನಾಜೂಕು.

ದಾರ ಸುತ್ತುವ ರೀಲಿನ ವಿಷಯಕ್ಕೆ ಬಂದರೆ, ಬೇಟ್‌ಕಾಸ್ಟರ್ ಎಂಬುದು ನೋಡಲು ಚೆಂದ, ಪಳಗಲು ಕಷ್ಟ. ಎಸೆದಾಗ ಹುಳದ ವೇಗ ಕಡಿಮೆಯಾದರೂ ಒಳಗಿನ ಉರುಳೆ ಅದೇ ವೇಗದಲ್ಲಿ ತಿರುಗುತ್ತ ದಾರ ಬಿಡುತ್ತಲೇ ಇರುತ್ತದೆ. ಮರುಕ್ಷಣ ರೀಲಿನೊಳಗೆ ಗುಬ್ಬಿಗೂಡು. ಅದನ್ನು ಬಿಡಿಸುವುದರಲ್ಲಿ ಒಳ್ಳೊಳ್ಳೆ ಬೆಳಗುಗಳು ಕಳೆದುಹೋಗುತ್ತವೆ. ಪಕ್ಕದ ಗುಂಡಿಯನ್ನು ಹೊಂದಿಸಿಕೊಂಡು, ಹುಳ ನಿಧಾನ ಇಳಿದು ನೆಲ ಮುಟ್ಟಿದೊಡನೆ ಉರುಳೆಯೂ ನಿಲ್ಲುವಂತೆ ಮಾಡಿಕೊಳ್ಳಬೇಕು. ಆಮೇಲೆ ಎಲ್ಲ ಹೆಬ್ಬೆರಳಿನ ಮೇಲೆ. ಕಲಿಯುವವರಿಗೆ, ಮಕ್ಕಳಿಗೆ, ಮುಚ್ಚಳದ ಮೂತಿಯ ಸ್ಪಿನ್‌ಕಾಸ್ಟ್ ರೀಲೇ ಸಾಕು. ಅದನ್ನು ಜನಪ್ರಿಯ ಮಾಡಿದ್ದು ಒಕ್ಲಹೋಮಾದ ಟಲ್ಸಾದಲ್ಲಿದ್ದ ಝೀರೋ ಅವರ್ ಬಾಂಬ್ ಕಂಪನಿ. ನಿಜಕ್ಕೂ ಅದೇ ಹೆಸರು; ಎಣ್ಣೆಬಾವಿಯೊಳಗೆ ಸಿಡಿಸುವ ಟೈಮ್‌ಬಾಂಬ್ ಮಾಡುತ್ತಿದ್ದವರು. ಗಡಿಯಾರ ರಿಪೇರಿಯ ಆರ್. ಡಿ. ಹಲ್ ಎಂಬಾತ ತಂದುಕೊಟ್ಟ ಉಪಾಯ ಹಿಡಿದು 1949ರಲ್ಲಿ ರೀಲು ಹೊರತಂದರು. ಅಧ್ಯಕ್ಷ ಐಸೆನ್‌ಹೋವರ್‌ಗೆಂದು ಕಳಿಸಿದ ರೀಲಿನ ಡಬ್ಬಿಯ ಮೇಲೆ ಬಾಂಬ್ ಕಂಪನಿಯ ಹೆಸರು ಕಂಡು ಭದ್ರತೆಯವರು ಅದನ್ನು ನೀರಿಗೆ ಮುಳುಗಿಸಿದರಂತೆ. ಆಮೇಲೆ ಕಂಪನಿ ತನ್ನ ಹೆಸರನ್ನು ಝೆಬ್ಕೋ ಎಂದು ಮೊಟಕು ಮಾಡಿಕೊಂಡಿತು.

ಇನ್ನು ದೋಣಿ. ಶನಿವಾರ ಬೆಳಿಗ್ಗೆ ದೋಣಿ ಇಳಿಸುವ ಇಳಿಜಾರಿನ ಪಕ್ಕ ಕುರ್ಚಿ ಹಾಕಿ ಕೂತರೆ ಟಿಕೆಟ್ಟಿಲ್ಲದ ನಾಟಕ. ಗಂಡ ಟ್ರೇಲರನ್ನು ಹಿಂದಕ್ಕೆ ಬಿಡುತ್ತಾನೆ, ಹೆಂಡತಿ ಕೈಬೀಸಿ ದಾರಿ ತೋರುತ್ತಾಳೆ, ಟ್ರೇಲರ್ ಇಬ್ಬರ ಮಾತನ್ನೂ ಕೇಳುವುದಿಲ್ಲ. ಉಪಾಯ ಇಷ್ಟೇ: ಸ್ಟೀರಿಂಗಿನ ಕೆಳತುದಿ ಹಿಡಿಯಿರಿ. ಟ್ರೇಲರ್ ಯಾವ ಕಡೆ ಹೋಗಬೇಕೋ ಕೈಯನ್ನು ಅದೇ ಕಡೆಗೆ ಸರಿಸಿ. ಮೇಲ್ತುದಿ ಹಿಡಿದರೆ ಎಲ್ಲ ಉಲ್ಟಾ ಆಗಿ ದಾಂಪತ್ಯಕ್ಕೆ ಕುತ್ತು. ಎರಡನೆಯ ಅಂಕ ದೋಣಿ ನೀರಿಗಿಳಿದ ಮೇಲೆ ಶುರು. ದೋಣಿಯ ಹಿಂಬದಿಯ ತಳದಲ್ಲಿ ನೀರು ಹೊರಬಿಡುವ ಒಂದು ತೂತು, ಅದಕ್ಕೊಂದು ಬಿರಡೆ. ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿ ಒಂದು ಕೆರೆಯಿಂದ ಇನ್ನೊಂದಕ್ಕೆ ಹಬ್ಬದಿರಲೆಂದು ಟೆಕ್ಸಸ್‌ನಲ್ಲಿ ದೋಣಿಯ ನೀರನ್ನು ಪೂರ್ತಿ ಬಸಿದೇ ಕೆರೆ ಬಿಡಬೇಕು, ಹಾಗಾಗಿ ಪ್ರತಿ ಸಲವೂ ಬಿರಡೆ ಬಿಚ್ಚಲೇಬೇಕು. ಬಿಚ್ಚುವುದು ಕಾನೂನು, ಮತ್ತೆ ಹಾಕುವುದು ನೆನಪು. ಅರ್ಧ ಗಂಟೆಯ ಮೇಲೆ ಕಾಲಡಿ ತಣ್ಣಗಾದಾಗ ಮುಖ ಬಿಳುಚಿಕೊಳ್ಳುತ್ತದೆ. ಬಿರಡೆಯನ್ನು ದೋಣಿಯ ಕೀಲಿಗೊಂಚಲಿಗೇ ಸಿಕ್ಕಿಸಿಡುವವರು ಬುದ್ಧಿವಂತರು. ಇನ್ನೊಂದು, ಚಾಲಕ ನೀರಿಗೆ ಬಿದ್ದರೆ ಎಂಜಿನ್ನು ನಿಲ್ಲಿಸುವ ಕೆಂಪು ಬಳ್ಳಿ. 26 ಅಡಿಗಿಂತ ಚಿಕ್ಕ ತೆರೆದ ದೋಣಿ ವೇಗವಾಗಿ ಓಡುವಾಗ ಅದು ಚಾಲಕನ ಮೈಗೆ ಸಿಕ್ಕಿಸಿರಲೇಬೇಕು ಎಂದು 2021ರ ಏಪ್ರಿಲ್‌ನಿಂದ ದೇಶದ ಕಾನೂನೇ ಇದೆ. ಡಾಲಸ್‌ನ ಪೂರ್ವಕ್ಕಿರುವ ಲೇಕ್ ಫೋರ್ಕ್‌ನಂಥ ಕಡೆಯಂತೂ ಕಾನೂನು ಇರದೇ ಹೋಗಿದ್ದರೂ ಸಿಕ್ಕಿಸಿಕೊಳ್ಳಬೇಕಿತ್ತು. 1980ರಲ್ಲಿ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸುವಾಗ ಮರಗಳನ್ನು ಬಹುಪಾಲು ಹಾಗೇ ಬಿಟ್ಟರು. ಈಗ ಅವು ನೀರಿನೊಳಗೆ ಬೊಡ್ಡೆಗಳಾಗಿ ನಿಂತಿವೆ. ಬಾಸಿಗೆ ಸ್ವರ್ಗ, ಎಂಜಿನ್ನಿಗೆ ಯಮಲೋಕ. ಗುರುತು ಹಾಕಿದ ದೋಣಿದಾರಿ ಬಿಟ್ಟು ಓಡಿಸಬಾರದು.

ಹಿಡಿದ ಮೇಲೆ ಕೈ ಒದ್ದೆ ಮಾಡಿಕೊಂಡು ಹೆಬ್ಬೆರಳನ್ನು ಕೆಳತುಟಿಯೊಳಗಿಟ್ಟು ಹಿಡಿಯಬೇಕು. ಹಲ್ಲು ಕಚ್ಚುವುದಿಲ್ಲ, ಉಪ್ಪುಕಾಗದದಂತೆ ತರಿತರಿ. ದೊಡ್ಡದಾದರೆ ಇನ್ನೊಂದು ಕೈ ಹೊಟ್ಟೆಯ ಕೆಳಗೆ. ದವಡೆಯೊಂದರಿಂದಲೇ ಅಡ್ಡ ಎತ್ತಿ ಫೋಟೋ ತೆಗೆಸಿಕೊಂಡರೆ ಅದರ ಕೀಲಿಗೆ ಪೆಟ್ಟಾಗಬಹುದು. ಸೋಮವಾರ ಆಫೀಸಿನಲ್ಲಿ ಹೆಬ್ಬೆರಳ ಚರ್ಮ ಸುಲಿದದ್ದನ್ನು ಯಾರಾದರೂ ಕೇಳಲಿ ಎಂದು ಕಾಯುವ ಸುಖ ಬೇರೆ. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನ ಬಾಸನ್ನು ಮರಳಿ ನೀರಿಗೆ ಬಿಡಬೇಕು, ನಿಯಮ. ಅದೇ ಮೀನನ್ನು ಹೊರಗಿನಿಂದ ತಂದು ಬಿಟ್ಟು ಊರಮೀನುಗಳಿಗೆ ಕಂಟಕವಾದ ಜಪಾನಿನ ಬಿವಾ ಸರೋವರದಲ್ಲಿ, ಹಿಡಿದ ಬಾಸನ್ನು ಮತ್ತೆ ನೀರಿಗೆ ಬಿಡುವುದೇ ನಿಷಿದ್ಧ!

ಇದೆಲ್ಲ ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪನ ತಲೆಗೆ ಹೋಗುವುದಿಲ್ಲ. ಮೊದಲ ಮಳೆಗೆ ಗದ್ದೆಗೆ ಹತ್ತುಮೀನು ಬಂತೆಂದರೆ ರಾತ್ರಿ ಟಾರ್ಚು, ಕತ್ತಿ ಹಿಡಿದು ಹೊರಟ ಜೀವ ಅದು. "ಅಲ್ಲ ಮಾರಾಯ, ಬಿಡೋದಾದ್ರೆ ಹಿಡಿಯೋದ್ಯಾಕೆ? ಅದಕ್ಕೆ ದೋಣಿ ಬೇರೆ" ಎಂದು ಫೋನಿನಲ್ಲಿ ಪ್ರತಿ ಸಲ ಕೇಳುತ್ತಾರೆ. ಅವರ ಬಾಯಿ ಮುಚ್ಚಿಸಲು ಜಾರ್ಜ್ ಪೆರಿಯ ಕಥೆ ಹೇಳಿದೆ. ಜಾರ್ಜಿಯಾದ ಬಡ ರೈತ. 1932ರ ಜೂನ್ 2ರಂದು ಮಾಂಟ್ಗೊಮೆರಿ ಲೇಕ್‌ನಲ್ಲಿ 22 ಪೌಂಡ್ 4 ಔನ್ಸ್, ಅಂದರೆ ಹತ್ತು ಕೆ.ಜಿ. ದಾಟಿದ ಬಾಸ್ ಹಿಡಿದ. ಬಿವಾದಲ್ಲಿ 2009ರಲ್ಲಿ ಮನಾಬು ಕುರಿಟಾ ಎಂಬಾತ ಅದಕ್ಕೆ ಸರಿಗಟ್ಟುವ ಮೀನು ಹಿಡಿಯುವವರೆಗೂ ಆ ವಿಶ್ವದಾಖಲೆಯನ್ನು ಮುಟ್ಟಿದವರಿಲ್ಲ. ಪೆರಿಯ ಬಳಿ ಆ ದಿನ ಇದ್ದದ್ದು ಒಂದೇ ಒಂದು ಸುಳ್ಳು ಮೀನಂತೆ. ತೂಕ ಹಾಕಿಸಿ, ಮನೆಗೆ ಒಯ್ದು, ಮನೆಮಂದಿಯೆಲ್ಲ ಅಡುಗೆ ಮಾಡಿ ಉಂಡರು.

ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಗಂಭೀರವಾಗಿ ಕೇಳಿದರು: "ಹುಳಿಗೆ ಏನು ಹಾಕಿದ್ರಂತೆ? ಆ ಕಡೆ ವಾಟೆಹುಳಿ ಸಿಗುತ್ತಾ?"